ಅಡಕೆಗೆ ಹೋದ ಮಾನ

ಮನೆಗೆ ಬಂದವರಿಗೆ ಒಂದು ಹೊತ್ತು ಊಟ ಹಾಕುವುದು ಅಪರಾಧವಾಗಬಲ್ಲುದೆ? ಹೀಗೆಂದು ಕೇಳಿದರೆ ನಮ್ಮ ಮನೆಯ ಹಿರಿಯರು ಕೇಳಿದವನ ಮುಖವನ್ನೇ ಒಮ್ಮೆ ದಿಟ್ಟಿಸಿ ನೋಡಿಯಾರು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರನ್ನು ಒಂದು ಲೋಟ ಮಜ್ಜಿಗೆಯನ್ನಾದರೂ ಕೊಡದೆ ಕಳಿಸಿದರೆ ಗೃಹಿಣಿಗೆ ಆ ರಾತ್ರಿ ನಿದ್ದೆ ಬಾರದ ನಾಡು ನಮ್ಮದು. ಆದರೆ ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ, ತನ್ನ ಮನೆಯಲ್ಲಿ ಕೆಲವು ಹುಡುಗರಿಗೆ ಊಟ ಹಾಕಿದ್ದೇ ಮೊದಲಾಗಿ, ಹೆಸರಾಂತ ತರಬೇತುಗಾರನೊಬ್ಬ ಕೆಲಸ ಕಳೆದುಕೊಂಡ. ಅದರಲ್ಲಿ ಊಟದ ತಪ್ಪೆಷ್ಟು, ಉಳಿದುದರ ತಪ್ಪೆಷ್ಟು ಎಂಬುದನ್ನು ಈ ವಾರ ವಾಚಕರೊಡನೆ ಕುಳಿತು ಲೆಕ್ಕ ಹಾಕಬೇಕೆಂದಿದ್ದೇನೆ.

ಬ್ಯಾಸ್ಕೆಟ್ ಬಾಲ್ ಆಟ ಹುಟ್ಟಿದ್ದೇ ಒಬ್ಬ ಉಪಾಧ್ಯಾಯನಿಂದ. 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದು ವಿದ್ಯಾರ್ಥಿಗಳಿಗೆ ಬೇಕಾಗಿತ್ತು. ಜೇಮ್ಸ್ ನೈಸ್ಮಿತ್ ಎಂಬಾತ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಆಟವನ್ನು ಕಲ್ಪಿಸಿದ. ಆತ ಬರೆದ ನಿಯಮಗಳು ಕೇವಲ 13. ಇಂದು ಆ ದೇಶದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಘದ ನಿಯಮಗ್ರಂಥ ನೂರಾರು ಪುಟಗಳದು. ಆಟವನ್ನು ಹೇಗೆ ಆಡಬೇಕೆಂಬುದು ಅದರ ವಿಷಯವಲ್ಲ. ಆಟಗಾರನನ್ನು ಕಾಲೇಜಿಗೆ ಹೇಗೆ ಕರೆತರಬೇಕು, ಅವನಿಗೆ ಏನು ಕೊಡಬಹುದು, ಏನು ಕೊಡಬಾರದು ಎಂಬಂಥ ವಿಷಯಗಳೇ ಅದರಲ್ಲಿ ಹೆಚ್ಚು.

ಇದಕ್ಕೆ ಕಾರಣವಿಲ್ಲದಿಲ್ಲ. ಅಲ್ಲಿ ಕಾಲೇಜಿನ ಆಟವೆಂದರೆ ಸಂಜೆಯ ಕಾಲಕ್ಷೇಪವಲ್ಲ. ಸಾವಿರಾರು ಜನ ಟಿಕೆಟು ಕೊಂಡು ನೋಡುತ್ತಾರೆ. ದೂರದರ್ಶನದಿಂದ ಕೋಟಿಗಟ್ಟಲೆ ಡಾಲರು ಬರುತ್ತದೆ. ಗೆಲ್ಲಬೇಕಾದರೆ ಎತ್ತರದ, ಚುರುಕಾದ ಹುಡುಗರು ಬೇಕು. ಅವರಿನ್ನೂ ಹೈಸ್ಕೂಲಿನಲ್ಲಿರುವಾಗಲೇ ತರಬೇತುಗಾರರು, ವರಾನ್ವೇಷಣೆಗೆ ಹೊರಟ ಹೆಣ್ಣು ಹೆತ್ತವರಂತೆ, ಊರೂರು ಸುತ್ತಿ ಅವರ ಮನೆಯ ಬಾಗಿಲು ತಟ್ಟುತ್ತಾರೆ. ಹದಿನಾರು ವರ್ಷದ ಹುಡುಗನ ಮನೆಯ ಟೆಲಿಫೋನು ಹಗಲಿರುಳು ಬಡಿದುಕೊಳ್ಳಬಾರದು, ಹಣವಂತ ಕಾಲೇಜು ಉಡುಗೊರೆ ತೋರಿಸಿ ಅವನನ್ನು ಕೊಂಡುಕೊಳ್ಳಬಾರದು ಎಂಬುದೇ ನಿಯಮಗಳ ಮೂಲೋದ್ದೇಶ. ಅದಕ್ಕೆಂದು ವರ್ಷವನ್ನೇ ಭಾಗ ಮಾಡಿ ಒಂದು ಪಂಚಾಂಗ ಬರೆದಿದ್ದಾರೆ. ಹುಡುಗನ ಮನೆಗೇ ಹೋಗಿ ಮಾತನಾಡಬಹುದಾದ ಕಾಲ ಒಂದು. ಆಟವನ್ನು ನೋಡಬಹುದು, ಆದರೆ ಮಾತನಾಡಿಸಬಾರದೆಂಬ ಕಾಲ ಇನ್ನೊಂದು. ಅವನೇ ಕಾಲೇಜಿಗೆ ಬಂದರೆ ಮಾತ್ರ ಮಾತನಾಡಬಹುದಾದ ಕಾಲ ಮತ್ತೊಂದು. ಮುಖಾಮುಖಿ ಭೇಟಿಯೇ ಕೂಡದೆಂಬ ಕಾಲ ನಾಲ್ಕನೆಯದು. ರಾಹುಕಾಲ ಗುಳಿಕಕಾಲಗಳನ್ನು ನೋಡಿ ಮನೆಯಿಂದ ಹೊರಡುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಇಷ್ಟು ಗೆರೆಗಳನ್ನೆಳೆದ ಮೇಲೆ ಯಾರಾದರೊಬ್ಬರು ಗೆರೆ ತುಳಿಯುವುದು ಸಹಜವೇ. ಆಟ ನೋಡಲು ಹೋದಾಗ ಹುಡುಗ ಎದುರಿಗೆ ಸಿಕ್ಕಿದ. 'ಹೇಗಿದ್ದೀಯಪ್ಪ' ಎಂದದ್ದು ಎರಡು ನಿಮಿಷದ ಮಾತಾಯಿತು. ಒಂದು ಕರೆ ಒಂದು ದಿನ ಮೊದಲೇ ಹೋಯಿತು. ಇಂಥವನ್ನು ಬಹುಕಾಲ ಎರಡನೆಯ ದರ್ಜೆಯ ಉಲ್ಲಂಘನೆಗಳೆಂದು ಕರೆಯುತ್ತಿದ್ದರು. 2013ರಿಂದ ತಪ್ಪುಗಳನ್ನು ಹಲವು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಸ್ವಾರಸ್ಯವೇನೆಂದರೆ, ಇಂಥ ಸಣ್ಣ ತಪ್ಪುಗಳಲ್ಲಿ ಬಹುಪಾಲನ್ನು ಹೊರಗಿನವರು ಬಂದು ಹಿಡಿಯುವುದಿಲ್ಲ. ಕಾಲೇಜುಗಳೇ ತಮ್ಮ ತಪ್ಪನ್ನು ತಾವೇ ಬರೆದು ಸಂಘಕ್ಕೆ ಕಳಿಸುತ್ತವೆ. ದೊಡ್ಡ ಕಾಲೇಜುಗಳಲ್ಲಿ ನಿಯಮಪಾಲನೆಗೆಂದೇ ಒಂದು ಕಚೇರಿಯಿರುತ್ತದೆ. ಶಿಕ್ಷೆಯೂ ತಪ್ಪಿನಷ್ಟೇ ಸಣ್ಣದು: ಒಂದು ಎಚ್ಚರಿಕೆಯ ಪತ್ರ, ನಿಯಮದ ಪಾಠ, ಕೆಲವು ದಿನ ಆ ಹುಡುಗನನ್ನು ಸಂಪರ್ಕಿಸಕೂಡದೆಂಬ ನಿರ್ಬಂಧ. ಒಪ್ಪಿಕೊಂಡು ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು.

ಈಗ ಆ ಊಟದ ವಿಷಯಕ್ಕೆ ಬರೋಣ. ಬ್ರೂಸ್ ಪರ್ಲ್ ಟೆನೆಸಿ ವಿಶ್ವವಿದ್ಯಾನಿಲಯದ ತರಬೇತುಗಾರನಾಗಿದ್ದ. ಉತ್ಸಾಹಿ, ಮಾತುಗಾರ, ಜನರಿಗೆ ಅಚ್ಚುಮೆಚ್ಚಿನವ. 2008ರ ಫೆಬ್ರವರಿಯಲ್ಲಿ ಆತನ ತಂಡ ಆ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ ದೇಶದ ಪ್ರಥಮ ಸ್ಥಾನಕ್ಕೇರಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕಾಲೇಜನ್ನು ನೋಡಲು ಬಂದಿದ್ದ ಕೆಲವು ಹೈಸ್ಕೂಲು ಹುಡುಗರನ್ನೂ ಅವರ ಮನೆಯವರನ್ನೂ ಪರ್ಲ್ ತನ್ನ ಮನೆಗೆ ಊಟಕ್ಕೆ ಕರೆದ. ಆ ತರಗತಿಯ ಹುಡುಗರನ್ನು ಕಾಲೇಜಿನ ಆವರಣದ ಹೊರಗೆ ಹೀಗೆ ಸತ್ಕರಿಸುವಂತಿರಲಿಲ್ಲ. ಇದು ಪರ್ಲನಿಗೂ ತಿಳಿದಿತ್ತು. ಬಂದವರಿಗೆ, ನೀವು ಇಲ್ಲಿರುವುದು ನಿಯಮಕ್ಕೆ ವಿರುದ್ಧ, ಹೊರಗೆ ಹೇಳಬೇಡಿ ಎಂದು ಆತನೇ ತಿಳಿಸಿದ್ದನೆಂದು ಮುಂದೆ ತನಿಖೆಯಲ್ಲಿ ಹೊರಬಿತ್ತು.

ಎರಡು ವರ್ಷ ಕಳೆಯಿತು. 2010ರ ಜೂನಿನಲ್ಲಿ ಸಂಘದ ತನಿಖಾಧಿಕಾರಿಗಳು ಒಂದು ಭಾವಚಿತ್ರವನ್ನು ಪರ್ಲನ ಮುಂದಿಟ್ಟು, ಇದು ಎಲ್ಲಿ ತೆಗೆದದ್ದೆಂದು ಕೇಳಿದರು. ಚಿತ್ರದಲ್ಲಿ ಪರ್ಲನೂ ಇದ್ದ, ಹುಡುಗನೂ ಇದ್ದ. ಹಿಂದೆ ಕಾಣುತ್ತಿದ್ದುದು ಪರ್ಲನ ಸ್ವಂತ ಮನೆ. ಆತ ತನಗೆ ತಿಳಿಯದೆಂದ. ಹೌದು, ನನ್ನ ಮನೆ, ಊಟ ಹಾಕಿದ್ದೆ, ತಪ್ಪಾಯಿತು ಎಂದಿದ್ದರೆ ಅದು ಎರಡನೆಯ ದರ್ಜೆಯ ತಪ್ಪಾಗಿ, ಒಂದು ಕಾಗದದಲ್ಲಿ ಮುಗಿದುಹೋಗಬಹುದಾಗಿತ್ತು. ಒಂದು ಮಾತು ಅದನ್ನು ಮಹಾಪರಾಧವನ್ನಾಗಿ ಮಾಡಿತು. ಕೆಲವು ವಾರಗಳ ಮೇಲೆ ಪರ್ಲ್ ತಾನಾಗಿಯೇ ನಿಜ ಹೇಳಿದ. ಸೆಪ್ಟೆಂಬರ್ 10ರಂದು ಪತ್ರಿಕಾಗೋಷ್ಠಿಯಲ್ಲಿ ಕಣ್ಣೀರಿಟ್ಟು ಕ್ಷಮೆ ಬೇಡಿದ. ವಿಶ್ವವಿದ್ಯಾನಿಲಯ ಐದು ವರ್ಷಗಳ ಸಂಬಳದಲ್ಲಿ 15 ಲಕ್ಷ ಡಾಲರು ಕಡಿತ ಮಾಡಿತು. ಇಷ್ಟಾಗಿ ನಾಲ್ಕೇ ದಿನಕ್ಕೆ, ಬೇರೊಂದು ಶಾಲೆಯಲ್ಲಿ ಮಾತನಾಡಿಸಬಾರದ ಹುಡುಗನನ್ನು ಮಾತನಾಡಿಸಿ ಮತ್ತೊಂದು ಗೆರೆ ತುಳಿದ. 2011ರ ಮಾರ್ಚಿನಲ್ಲಿ ಕೆಲಸ ಹೋಯಿತು. ಆಗಸ್ಟಿನಲ್ಲಿ ಸಂಘ ತೀರ್ಪಿತ್ತಿತು: ಮೂರು ವರ್ಷ ಈತನನ್ನು ನೇಮಿಸಿಕೊಳ್ಳಬಯಸುವ ಕಾಲೇಜು ಸಂಘದ ಮುಂದೆ ನಿಂತು ಕಾರಣ ಹೇಳಬೇಕು. ಮೂವರು ಸಹಾಯಕರಿಗೂ ಒಂದೊಂದು ವರ್ಷ ಇದೇ ಶಿಕ್ಷೆ.

ನಿಯಮವೇ ಕ್ಷುಲ್ಲಕವಾಗಿತ್ತಲ್ಲ, ಅದಕ್ಕೆ ಇಷ್ಟು ದೊಡ್ಡ ದಂಡವೆ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆಟಗಾರರಿಗೆ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡನ್ನು ಕೊಡಬಹುದು, ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ಊಟವೆಂದಾಗಿ ನಿಯಮಭಂಗವಾಗುತ್ತದೆ ಎಂದು ಸೂಕ್ಷ್ಮ ತೆಗೆದ ಗ್ರಂಥವದು. ಕನೆಕ್ಟಿಕಟ್ ತಂಡದ ಶಬಾಜ್ ನೇಪಿಯರ್ ಎಂಬ ಆಟಗಾರ, ಎಷ್ಟೋ ರಾತ್ರಿ ಹಸಿದ ಹೊಟ್ಟೆಯಲ್ಲಿ ಮಲಗಿದ್ದೇನೆಂದು ಬಾಯಿಬಿಟ್ಟು ಹೇಳಿದ್ದು 2014ರ ಏಪ್ರಿಲಿನಲ್ಲಿ. ಅದೇ ತಿಂಗಳು ಊಟ ತಿಂಡಿಗಳ ಮಿತಿಯನ್ನು ತೆಗೆಯುವ ತೀರ್ಮಾನವಾಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಅಂದು ಒಂದು ತಟ್ಟೆ ಊಟಕ್ಕೆ ಹೆದರಿದವರು ಇಂದು ಚೆಕ್ಕು ಬರೆಯುತ್ತಿದ್ದಾರೆ.

ಆದರೆ ನಿಯಮ ಬದಲಾದ ಮಾತ್ರಕ್ಕೆ ಹಳೆಯ ಸುಳ್ಳು ನಿಜವಾಗುವುದಿಲ್ಲ. ಕೆಲ್ವಿನ್ ಸ್ಯಾಂಪ್ಸನ್ ಎಂಬ ಮತ್ತೊಬ್ಬ ತರಬೇತುಗಾರನ ಉದಾಹರಣೆಯನ್ನು ನೋಡಿ. ಓಕ್ಲಹೋಮಾದಲ್ಲಿ 2000ರಿಂದ 2004ರ ವರೆಗೆ ಆತನೂ ಆತನ ಸಹಾಯಕರೂ ನಿಯಮ ಮೀರಿ ಮಾಡಿದ ಟೆಲಿಫೋನು ಕರೆಗಳು 577. 2006ರಲ್ಲಿ ಅದಕ್ಕೆ ನಿರ್ಬಂಧ ಹಾಕಿದರೆ, ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ಆ ನಿರ್ಬಂಧದ ಕಾಲದಲ್ಲಿಯೇ ಮತ್ತೆ ಕರೆಗಳು ಹೋದವು. 2008ರ ಫೆಬ್ರವರಿಯಲ್ಲಿ ಆತ ಹುದ್ದೆ ಬಿಟ್ಟ. ತನಿಖೆಯವರಿಗೆ ನಿಜ ಹೇಳಲಿಲ್ಲವೆಂದೂ ಸಂಘ ತೀರ್ಮಾನಿಸಿ ಐದು ವರ್ಷದ ಶಿಕ್ಷೆ ವಿಧಿಸಿತು. ಆ ಶಿಕ್ಷೆ ಮುಗಿಯುವ ಮುನ್ನವೇ, 2012ರ ಜೂನಿನಲ್ಲಿ, ಹೈಸ್ಕೂಲಿನ ಮೇಲಿನ ತರಗತಿಗಳ ಹುಡುಗರಿಗೆ ಎಷ್ಟು ಕರೆಗಳನ್ನಾದರೂ ಮಾಡಬಹುದೆಂದು ಸಂಘವೇ ನಿಯಮ ಸಡಿಲಿಸಿತು! ಕರೆಗಳ ಲೆಕ್ಕ ಹೀಗೆ ಅಳಿಸಿಹೋದರೂ ನಿಜ ಹೇಳಲಿಲ್ಲವೆಂಬ ಸಾಲು ಮಾತ್ರ ಉಳಿಯಿತು.

ಇಬ್ಬರಿಗೂ ಲೋಕ ಮತ್ತೆ ಅವಕಾಶ ಕೊಟ್ಟಿತೆಂಬುದನ್ನೂ ಹೇಳಬೇಕು. ಪರ್ಲ್ ಆಬರ್ನ್ ತಂಡವನ್ನು 2019ರಲ್ಲಿಯೂ 2025ರಲ್ಲಿಯೂ ದೇಶದ ಕೊನೆಯ ನಾಲ್ಕು ತಂಡಗಳ ಸಾಲಿಗೆ ತಂದ. ಸ್ಯಾಂಪ್ಸನ್ನನ ಹ್ಯೂಸ್ಟನ್ ತಂಡ 2025ರ ಅಂತಿಮ ಪಂದ್ಯದಲ್ಲಿ ಎರಡೇ ಅಂಕಗಳಿಂದ ಸೋತಿತು. ಆದರೂ ಪರ್ಲನ ಹೆಸರು ಬಂದಾಗ ಜನ ಆ ಊಟವನ್ನು ನೆನೆಯದಿರುವುದಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಈ ಪ್ರಸಂಗದಲ್ಲಿ ನನ್ನನ್ನು ಕಾಡಿದ್ದು ಸಂಬಳದ ಕಡಿತವಲ್ಲ, ಕಣ್ಣೀರೂ ಅಲ್ಲ. ಗುರುವಾಗಬೇಕಾದವನು ಶಿಷ್ಯರಾಗಬೇಕಾದವರಿಗೆ ಹೇಳಿಕೊಟ್ಟ ಮೊದಲ ಪಾಠವೇ 'ಹೊರಗೆ ಹೇಳಬೇಡಿ' ಎಂಬುದಾಯಿತಲ್ಲ! ಊಟ ಅರಗಿಹೋಗುತ್ತದೆ, ಆ ಪಾಠ ಅರಗುವುದಿಲ್ಲ. ಇದು ನನಗೆ ಗೊತ್ತಾದದ್ದು ಅಮೆರಿಕದ ವಾರ್ತೆಯಿಂದಲ್ಲ. ದೂರದವರ ತಪ್ಪನ್ನು ಇಷ್ಟು ವಿಸ್ತಾರವಾಗಿ ಬರೆದು, ನನ್ನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಒಳ್ಳೆಯ ಆಟಗಾರನಿದ್ದ. ಪಂದ್ಯ, ಅಭ್ಯಾಸಗಳ ಗಡಿಬಿಡಿಯಲ್ಲಿ ಹಾಜರಿ ಕಡಿಮೆ ಬಿದ್ದು, ಪರೀಕ್ಷೆಗೆ ಕೂರುವುದು ಕಷ್ಟವಾಯಿತು. ಬೇಕಾಗಿದ್ದುದು ಎರಡೇ ತರಗತಿ. ಬಾರದ ಎರಡು ದಿನಗಳಿಗೆ ನಾನು ಹಾಜರಿ ಹಾಕಿದೆ. 'ಯಾರಾದರೂ ಕೇಳಿದರೆ ಏನನ್ನಲಿ, ಸಾರ್?' ಎಂದ. 'ಬಂದಿದ್ದೆ ಅನ್ನು, ಅಷ್ಟೇ' ಎಂದೆ. ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಬಂದು ಕಾಫಿ ಕುಡಿದೆ.

ಮರುವರ್ಷ ಅವನು ಒಂದು ಪ್ರಬಂಧ ಬರೆದು ತಂದ. ಎರಡು ಸಾಲು ಓದುವಷ್ಟರಲ್ಲಿ ಅದು ಬೇರೊಬ್ಬ ವಿದ್ಯಾರ್ಥಿಯದೆಂದು ತಿಳಿಯಿತು. 'ನೀನೇ ಬರೆದದ್ದೇನಯ್ಯ?' ಎಂದೆ. 'ನಾನೇ ಬರೆದದ್ದು, ಸಾರ್' ಎಂದ, ಕಣ್ಣು ಕೂಡ ಮಿಟುಕಿಸದೆ. ಗದರಿಸಲು ಹೊರಟವನಿಗೆ ಬಾಯಿ ಕಟ್ಟಿತು. ಆ ಮಾತಿನ ವರಸೆಯನ್ನು ಕಲಿಸಿದವನು ಯಾರೆಂಬುದು ನೆನಪಾಯಿತು.

ಮಾರನೆಯ ದಿನ ಪ್ರಾಂಶುಪಾಲರ ಕೋಣೆಗೆ ಹೋಗಿ ಹಳೆಯ ಹಾಜರಿಯ ವಿಷಯವನ್ನು ತಿಳಿಸಿದೆ. ಅವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, 'ಬರೆದುಕೊಡಿ' ಎಂದಷ್ಟೇ ಹೇಳಿದರು. ಬರೆದುಕೊಟ್ಟೆ, ಒಂದು ಎಚ್ಚರಿಕೆಯ ಪತ್ರ ಬಂತು, ಇಂದಿಗೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಆ ಸಂಜೆ ಹುಡುಗನನ್ನು ಕರೆದು ಪತ್ರವನ್ನು ತೋರಿಸಿದೆ. ಅವನು ಅದನ್ನು ಎರಡು ಸಲ ಓದಿದ. ಬಹಳ ಹೊತ್ತು ಸುಮ್ಮನಿದ್ದು, 'ಆ ಪ್ರಬಂಧ ವಾಪಸು ಕೊಡಿ ಸಾರ್, ನಾಳೆ ಬೇರೆ ಬರೆದು ತರುತ್ತೇನೆ' ಎಂದ.

ತಂದ. ಅಕ್ಷರ ಚೆನ್ನಾಗಿರಲಿಲ್ಲ, ಕಾಗುಣಿತ ಹಲವು ಕಡೆ ತಪ್ಪಿತ್ತು. ಅಷ್ಟು ಸಂತೋಷದಿಂದ ನಾನು ಯಾವ ಪ್ರಬಂಧವನ್ನೂ ತಿದ್ದಿದ್ದಿಲ್ಲ.