ಬೀಗ ಬದಲಿಸಿದ ಹುಳು

ಹಲವಾಗಲಿನ ಬಳಿ ತುಂಗಭದ್ರೆಯನ್ನು ದಾಟಿದರೆ ಹಾವೇರಿ ಜಿಲ್ಲೆಯ ಹತ್ತಿಯ ಸೀಮೆ. ಅಲ್ಲಿಯ ರೈತರ ಮಕ್ಕಳಿಗೆ ಗುಲಾಬಿ ಕಾಯಿಕೊರಕ ಹುಳುವಿನ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿ ಈ ಹುಳುವನ್ನು ಕೊಲ್ಲುತ್ತಿದ್ದಿತು. 2010ರ ವೇಳೆಗೆ ಗುಜರಾತಿನಲ್ಲಿ ಹುಳು ಅದೇ ಹತ್ತಿಯನ್ನು ತಿಂದು ಬದುಕತೊಡಗಿತು. ಬೀಜ ಕೆಟ್ಟಿತೆಂದು ದೂರುವುದು ಸುಲಭ. ಆದರೆ ಬದಲಾದದ್ದು ಬೀಜವಲ್ಲ, ಹುಳು.

ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಳಿ. ಆ ಸರಪಳಿ ಮಡಿಚಿಕೊಂಡು ಪಡೆಯುವ ಆಕಾರವೂ ಅದರ ಮೇಲಿನ ವಿದ್ಯುದಂಶವೂ ಅದರ ಕೆಲಸವನ್ನು ನಿರ್ಧರಿಸುತ್ತವೆ. ಹುಳುವಿನ ಕರುಳಿನಲ್ಲಿ ಕ್ಯಾಡ್ಹೆರಿನ್ ಎಂಬ ಪ್ರೋಟೀನಿದೆ. ಬಿಟಿ ವಿಷಕ್ಕೆ ಅದು ಗ್ರಾಹಕ. ಬೀಗಕ್ಕೆ ಕೀಲಿಕೈ ಹೊಂದುವಂತೆ ವಿಷವು ಅದನ್ನು ಹಿಡಿದಾಗ ಕರುಳಿನ ಜೀವಕೋಶಗಳಲ್ಲಿ ರಂಧ್ರಗಳುಂಟಾಗಿ ಹುಳು ಸಾಯುವುದು. ಬೀಗವೇ ವಿಕಾರವಾದರೆ ಕೀಲಿಕೈ ವ್ಯರ್ಥ. ಅಮೆರಿಕದ ಅರಿಜೋನ ಮೂಲದ ಹುಳುಗಳಲ್ಲಿ ಇಂತಹ ಮೂರು ಉತ್ಪರಿವರ್ತನೆಗಳು 2003ರಲ್ಲಿ ವರದಿಯಾದವು. ಪ್ರತಿಯೊಂದರಲ್ಲಿಯೂ ಕನಿಷ್ಠ ಎಂಟು ಅಮೈನೋ ಆಮ್ಲಗಳು ಲೋಪವಾಗುತ್ತವೆ. ಭಾರತದ ಹುಳುಗಳಲ್ಲಿಯೂ ಕ್ಯಾಡ್ಹೆರಿನ್ ಮೊಟಕಾಗಿರುವುದು 2014ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಜೀನನ್ನು ಪಡೆದ ಹುಳು ಮಾತ್ರ ಬದುಕುತ್ತದೆ. ಒಂದು ಸರಿಯಾದ ಜೀನಿದ್ದರೂ ಸಾಯುತ್ತದೆ. ನೂರರಲ್ಲಿ ಒಂದು ಜೀನು ಕೆಟ್ಟಿದೆಯೆಂದು ಭಾವಿಸಿದರೆ, ಎರಡೂ ಕೆಟ್ಟಿರುವ ಹುಳು ಹತ್ತು ಸಾವಿರಕ್ಕೆ ಒಂದು. ಪಕ್ಕದಲ್ಲಿ ಬಿಟಿಯಲ್ಲದ ಹತ್ತಿಯಿದ್ದರೆ, ಅಲ್ಲಿ ಬೆಳೆದ ಸಾಮಾನ್ಯ ಪತಂಗಗಳು ಆ ಒಂದರೊಡನೆ ಕೂಡುತ್ತವೆ. ಹುಟ್ಟಿದ ಮರಿಗಳು ಬಿಟಿ ಹತ್ತಿಯಲ್ಲಿ ಸಾಯುತ್ತವೆ. ಸಾಮಾನ್ಯ ಪತಂಗಗಳಿಲ್ಲದಿದ್ದರೆ, ಬದುಕುಳಿದವು ತಮ್ಮತಮ್ಮೊಳಗೇ ಕೂಡಿ ವಂಶವನ್ನು ಬೆಳೆಸುತ್ತವೆ. ಹೊಲದ ಶೇಕಡಾ 20 ಭಾಗ ಇಲ್ಲವೆ ಅಂಚಿನ ಐದು ಸಾಲುಗಳು, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿಯಲ್ಲದ ಹತ್ತಿಯನ್ನು ಬಿತ್ತಬೇಕೆಂದು ಮೊದಲು ಮಾಡಿದ್ದ ನಿಯಮದ ಅರ್ಥ ಇದೇ ಆಗಿತ್ತು. ಅದನ್ನು ಪಾಲಿಸಿದವರು ವಿರಳ. 2006ರಲ್ಲಿ ಎರಡು ವಿಷಗಳುಳ್ಳ ಹತ್ತಿ ಬಂದಿತು. ಹುಳು ಕಾಲಕ್ರಮದಲ್ಲಿ ಅದನ್ನೂ ಮೀರಿತು.

ತಪ್ಪೆಲ್ಲ ರೈತನದೆಂದು ನಾವು ಹೇಳಲಾರೆವು. ಮೂರು ಎಕರೆಯ ಒಡೆಯನಿಗೆ ಕಾರಣವನ್ನು ತಿಳಿಸದೆ, ಹುಳುವಿಗೂ ಒಂದು ಪಾಲು ಬಿಡೆಂದರೆ ಅವನು ಏಕೆ ಬಿಟ್ಟಾನು? ಬೀಜದ ಪೊಟ್ಟಣ ಹಳ್ಳಿಹಳ್ಳಿಗೂ ತಲುಪಿತು, ಅದರ ಹಿಂದಿನ ವಿಜ್ಞಾನ ತಲುಪಲಿಲ್ಲ. ಈ ಕೊರತೆಗೆ ಪಾಠ ಹೇಳುವ ನಾವೂ ಹೊಣೆ. ಅಮೈನೋ ಆಮ್ಲಗಳ ಹೆಸರುಗಳನ್ನು ಪರೀಕ್ಷೆಗೆಂದು ಉರುಹೊಡೆಯುವ ವಿದ್ಯಾರ್ಥಿ, ಈ ಲೆಕ್ಕವನ್ನು ಬಿತ್ತನೆಗೆ ಮುನ್ನ ತನ್ನ ತಂದೆಗೆ ವಿವರಿಸಲಿ. ಮುಂದೆ ಎಂತಹ ಹೊಸ ಬೀಜ ಬಂದರೂ ಈ ಲೆಕ್ಕ ತಪ್ಪುವುದಿಲ್ಲ.