ಅಡ್ಡ ಬಂದ ಕೈ
ಕಲಾವಿದ ಓಲಾಫುರ್ ಎಲಿಯಾಸನ್ ಅವರ 2010ರ ‘ಯುವರ್ ಅನ್‌ಸರ್ಟನ್ ಶ್ಯಾಡೋ (ಕಲರ್)’ ಕೃತಿಯಲ್ಲಿ ಚಿತ್ರವೇ ಇಲ್ಲ. ಬಣ್ಣದ ದೀಪಗಳ ಬೆಳಕು ಬೆರೆತು ಗೋಡೆ ಬೆಳ್ಳಗಿರುತ್ತದೆ. ನೋಡುಗರು ಅಡ್ಡ ಬಂದಾಗಲೇ ಬಣ್ಣಬಣ್ಣದ ನೆರಳುಗಳು ಮೂಡುತ್ತವೆ. ಅವರು ಕುಣಿದರೆ ಅವೂ ಕುಣಿಯುತ್ತವೆ.

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ನಾನೂ ಕೆಂಪು, ಹಸಿರು, ನೀಲಿ ಹಾಳೆ ಸುತ್ತಿದ ಮೂರು ಟಾರ್ಚ್ ಒಯ್ದಿದ್ದೆ. ಹುಡುಗನೊಬ್ಬ ನೀಲಿ ಬೆಳಕಿಗೆ ಕೈ ಅಡ್ಡ ಹಿಡಿದ. ‘ನೆರಳು ಹಳದಿ ಯಾಕೆ ಸರ್?’ ಎಂದ. ‘ಕೂತ್ಕೊಳ್ಳೋ’ ಎಂದು ಗದರಿದೆ. ಉಳಿದ ಕೆಂಪು, ಹಸಿರು ಬೆಳಕು ಸೇರಿ ಹಳದಿಯಾಗುತ್ತದೆ ಎಂಬುದೇ ಅಂದಿನ ಪಾಠವಾಗಿತ್ತು! ಪಾಠಯೋಜನೆ ಹೊತ್ತಿಗೆ ಸರಿಯಾಗಿ ಮುಗಿಯಿತು. ಅವನು ಮತ್ತೆ ಏನನ್ನೂ ಕೇಳಲಿಲ್ಲ.

ನಮ್ಮ ಅವಲೋಕನ ಪಟ್ಟಿಯಲ್ಲಿ ‘ಬೋಧನೋಪಕರಣ ಬಳಸಿದರೇ?’ ಎಂಬ ಪ್ರಶ್ನೆಯಿದೆ. ಅದರ ಪಕ್ಕದಲ್ಲಿ ‘ಮಕ್ಕಳು ಮುಟ್ಟಿದರೇ?’ ಎಂಬುದೂ ಸೇರಲಿ.