ಡಮ್ ಡಮ್ ಎಂಬ ಊರು

ಕಲ್ಕತ್ತೆಗೆ ಬರುವ ನಮ್ಮವರು ಡಮ್ ಡಮ್ ಎಂದರೆ ವಿಮಾನ ನಿಲ್ದಾಣವೆಂದೇ ಭಾವಿಸಿರುವರು. ಆ ನಿಲ್ದಾಣಕ್ಕೆ 1995ರಿಂದ ನೇತಾಜಿಯವರ ಹೆಸರಿದೆ. ಊರಾದರೋ ನಿಲ್ದಾಣಕ್ಕಿಂತ ಬಹಳ ಹಳೆಯದು. ಬಂಗಾಳದ ಫಿರಂಗಿ ದಳದ ಮುಖ್ಯ ಠಾಣ್ಯವು 1783ರಿಂದ 1853ರವರೆಗೆ ಇಲ್ಲಿತ್ತು. ಮುಂದೆ ಇಲ್ಲಿಯ ಶಸ್ತ್ರಾಗಾರದಲ್ಲಿ ತಯಾರಾದ, ದೇಹದೊಳಗೆ ಹೊಕ್ಕು ಅರಳುವ ಗುಂಡಿಗೆ ಜಗತ್ತು ಊರಿನ ಹೆಸರನ್ನೇ ಇಟ್ಟಿತು. 1899ರ ಹೇಗ್ ಸಮ್ಮೇಳನವು ಅಂಥ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಅಪಕೀರ್ತಿ ಮಾತ್ರ ಊರಿಗೆ ಉಳಿಯಿತು.

ನಮಗೆ ಹತ್ತಿರವಾದ ಸಂಗತಿ ಬೇರೆಯಿದೆ. 1928ರಲ್ಲಿ ಗ್ರಾಮಫೋನ್ ಕಂಪನಿಯು ಇಲ್ಲಿ ಕಾರ್ಖಾನೆ ತೆರೆಯಿತು. ನಮ್ಮ ಹಿರಿಯರ ಮನೆಗಳಲ್ಲಿ ತಿರುಗಿದ ಎಷ್ಟೋ ಕನ್ನಡ ಹಾಡಿನ ತಟ್ಟೆಗಳು ಈ ಊರಿನ ಕಾರ್ಮಿಕರ ಕೈಯಿಂದ ಬಂದವು. 1947ರ ವಿಭಜನೆಯ ತರುವಾಯ ಪೂರ್ವ ಬಂಗಾಳದ ನಿರಾಶ್ರಿತರು ಬಂದು ಕಾಲೋನಿಗಳನ್ನು ಕಟ್ಟಿದರು. ಇಂದಿನ ಊರು ಬಹುಮಟ್ಟಿಗೆ ಅವರದೇ.

ಹೆಸರು ಒಂದಾದರೂ ಪುರಸಭೆಗಳು ಮೂರು: ಡಮ್ ಡಮ್, ಉತ್ತರ ಡಮ್ ಡಮ್, ದಕ್ಷಿಣ ಡಮ್ ಡಮ್. ಇವು ಕಲ್ಕತ್ತೆಯ ಕಾರ್ಪೊರೇಶನ್ನಿನ ಆಡಳಿತಕ್ಕೆ ಸೇರಿಲ್ಲ. ಇಲ್ಲಿ ಮನೆ ಹಿಡಿಯುವ ಕನ್ನಡಿಗನು ತಾನು ಯಾವ ಪುರಸಭೆಯವನೆಂದು ಮೊದಲು ತಿಳಿಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಚರಂಡಿ ಉಕ್ಕಿದರೆ ಗಿರಾಕಿ ಹೊಸ್ತಿಲು ದಾಟುವುದಿಲ್ಲವೆಂಬುದು ಹೋಟೆಲು ನಡೆಸಿದ ನಮಗೆ ಗೊತ್ತು. ಸಂಘದ ನಾಟಕದ ಟಿಕೆಟು ಮಾರಲು ಬೀದಿ ಬೀದಿ ಅಲೆಯುವ ನಾವು ವಾರ್ಡಿನ ಸದಸ್ಯರ ಬಾಗಿಲಿಗೆ ಮಾತ್ರ ಹೋಗಲು ನಾಚುತ್ತೇವೆ! ಅರ್ಜಿಯನ್ನು ಬಂಗಾಳಿಯಲ್ಲಿ ಬರೆಯಲು ಬಾರದಿದ್ದರೆ ನೆರೆಮನೆಯವರನ್ನು ಕೇಳಬಹುದು. ಅವರ ಅಜ್ಜಂದಿರೂ ಹೊಸಬರಾಗಿಯೇ ಇಲ್ಲಿಗೆ ಬಂದವರು.